ಮಂಗಳಿ ಮನೆ ಗೂಟದಲ್ಲಿ ನನ್ನ ಯೂನಿಫಾರಂ

ಈ ಬೇಸಿಗೆಯಲ್ಲಿ ನನ್ನ ತಮ್ಮನ ಮಗ ಪ್ರದೀಪ ರಾಮನಗರದಿಂದ ಕನಕಪುರದ ನನ್ನ ಮನೆಗೆ ಬಂದ. ಅವನು ಸುಮ್ಮನೆ ಬರುವ ಪೈಕಿ ಅಲ್ಲ. ಮೆಡಿಕಲ್ ಸ್ಟೋರ್ ಇಟ್ಟುಕೊಂಡವನು ಅಂಗಡಿ ಬಾಗಿಲು ಹಾಕಿ ಬಂದಿದ್ದಾನೆ ಅಂದರೆ ಏನೋ ಇದೆ ಅಂದುಕೊಂಡೆ. ಕಾಫಿ ಕುಡಿದ, ಹಪ್ಪಳ ತಿಂದ, ನನ್ನ ಮಂಡಿನೋವು ವಿಚಾರಿಸಿದ, ಆಮೇಲೆ ವಿಷಯಕ್ಕೆ ಬಂದ. ಮಗಳು ಪೂರ್ವಿಯನ್ನು ಐದನೇ ಕ್ಲಾಸಿಗೆ ಎಲ್ಲಿ ಸೇರಿಸುವುದು ಅಂತ ಗಂಡ ಹೆಂಡತಿಗೆ ಕಿತ್ತಾಟ. ಈಗ ಓದುತ್ತಿರುವುದು ಮನೆ ಹತ್ತಿರದ ಸ್ಕೂಲು. ಪಕ್ಕದ ಮನೆಯ ರೇಷ್ಮೆ ರೀಲರ್ ಮಗಳು ಆಯಿಷಾ ಜೊತೆ ಕೈ ಕೈ ಹಿಡಿದುಕೊಂಡು ನಡೆದೇ ಹೋಗುತ್ತಾಳೆ. ಇನ್ನೊಂದು ಊರಾಚೆಯ ದೊಡ್ಡ ಸ್ಕೂಲು, ವ್ಯಾನಿನಲ್ಲಿ ಹೋಗಬೇಕು, ರಿಸಲ್ಟಿಗೆ ಹೆಸರುವಾಸಿ. ಹುಡುಗಿ ಮಾತ್ರ ಆಯಿಷಾಳನ್ನು ಬಿಟ್ಟು ಹೋಗಲ್ಲ ಅಂತ ಹಟ ಹಿಡಿದಿದ್ದಾಳಂತೆ.

“ಅತ್ತೆ, ನೀವು ಓದಿದೋರು, ನೀವೇ ಹೇಳಿ. ನನ್ನ ಮಗಳು ನಿಮ್ಮ ಥರ ಆಗ್ಬೇಕು, ಅಷ್ಟೇ ನನಗೆ.”

ನನ್ನ ಥರ! ಮೈಯೆಲ್ಲ ಉರಿದುಹೋಯಿತು. ಪಾಪ, ಅವನು ಹೊಗಳಿದ್ದು. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದ ಅತ್ತೆ, ಸ್ವಂತ ಮನೆ, ಯಾರ ಮುಂದೂ ಕೈ ಚಾಚದ ಬದುಕು, ಅವನ ಕಣ್ಣಿಗೆ ಕಾಣುವುದು ಇಷ್ಟೇ. “ಯೋಚನೆ ಮಾಡಿ ಹೇಳ್ತೀನಿ ಹೋಗಪ್ಪ” ಅಂತ ಕಳಿಸಿದೆ. ಅವನು ಹೋದ ಮೇಲೆ ಹಪ್ಪಳದ ತಟ್ಟೆಯನ್ನು ಸಿಟ್ಟಿನಲ್ಲಿ ಎರಡೆರಡು ಸಲ ತೊಳೆದೆ. ಯೋಚನೆ ಮಾಡುವುದೇನು ಬಂತು? ಹುಟ್ಟೂರು ಹೊಂಗನೂರಿನಿಂದ ಚನ್ನಪಟ್ಟಣದ ಸ್ಕೂಲಿಗೆ ಬಸ್ಸು ಹತ್ತಿದ ದಿನದಿಂದ ನಾನು ಅದೊಂದನ್ನೇ ಯೋಚನೆ ಮಾಡಿಕೊಂಡು ಬಂದಿದ್ದೇನೆ.

ಹೊಂಗನೂರಿನ ನಮ್ಮ ಮನೆಯನ್ನು ನಮ್ಮದು ಅನ್ನುವುದೇ ತಪ್ಪು. ಅದು ರೇಷ್ಮೆ ಹುಳದ ಮನೆ. ಅದರಲ್ಲಿ ನಾವೂ ಇದ್ದೆವು. ಗಾಳಿ ಬೆಳಕು ಚೆನ್ನಾಗಿದ್ದ ನಡುಮನೆ ಹುಳಕ್ಕೆ, ಹೊಗೆ ತುಂಬಿದ ಅಡುಗೆಮನೆ ಮತ್ತು ಹಿಂದಿನ ಚಪ್ಪರ ನಮಗೆ. ನಡುಮನೆಯಲ್ಲಿ ಸೂರು ಮುಟ್ಟುವ ತನಕ ತಟ್ಟೆಯ ಮೇಲೆ ತಟ್ಟೆ. ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದ ಹಾಗೆ ನೀರು ತುಂಬಿದ ಬಟ್ಟಲು. ಒಳಗೆ ಹೋಗುವ ಮುಂಚೆ ಬ್ಲೀಚಿಂಗ್ ಪೌಡರಿನ ನೀರಲ್ಲಿ ಕಾಲು ಅದ್ದಬೇಕು. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಸೊಪ್ಪು ತಿನ್ನುವುದು ನಿಲ್ಲಿಸಿ ತಲೆ ಎತ್ತಿ ಅಲ್ಲಾಡದೆ ಕೂತಾಗ, ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವ ಹಾಗಿಲ್ಲ. ಸಾರಿಗೆ ಒಗ್ಗರಣೆ ಹಾಕುವ ಹಾಗಿಲ್ಲ. ಅಜ್ಜಿ ಊದಿನಕಡ್ಡಿಯನ್ನು ಸಹ ಜಗಲಿಯಾಚೆ ಹಚ್ಚಿ ಅಲ್ಲಿಂದಲೇ ದೇವರಿಗೆ ಕೈ ಮುಗಿಯುತ್ತಿದ್ದಳು. ಬೀಡಿ, ಸೆಂಟು, ಪೌಡರು ಯಾವ ವಾಸನೆಯೂ ಹುಳಕ್ಕೆ ಆಗದು. ನನಗೇ ಜ್ವರ ಬಂದು ಮಲಗಿದ್ದಾಗ ಆ ಮನೆಯಲ್ಲಿ ಯಾರೂ ಅಷ್ಟು ಮೆಲ್ಲಗೆ ಮಾತಾಡಿದ್ದು ನನಗೆ ನೆನಪಿಲ್ಲ.

ಅಪ್ಪ ಒಳ್ಳೆಯ ಸಾಕಣೆದಾರ. ಬೇರೆಯವರ ಬೆಳೆ ಕೆಟ್ಟರೂ ಅಪ್ಪನದು ಕೆಡುತ್ತಿರಲಿಲ್ಲ. ಅವನ ಕೈಚಳಕವೆಲ್ಲ ಇದ್ದದ್ದು ಹುಳ ಬೇರೆ ಮಾಡುವುದರಲ್ಲಿ. ಒಂದೇ ದಿನ ಮೊಟ್ಟೆಯೊಡೆದು ಬಂದ ಹುಳಗಳಲ್ಲೂ ಕೆಲವು ಮುಂದಾಗುತ್ತವೆ, ಕೆಲವು ಹಿಂದೆ ಬೀಳುತ್ತವೆ. ಎರಡನ್ನೂ ಒಂದೇ ತಟ್ಟೆಯಲ್ಲಿ ಬಿಟ್ಟರೆ ಜ್ವರದಿಂದ ಎದ್ದವಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು ಸಿಗದು, ಇನ್ನೂ ಕೂತಿರುವವುಗಳ ಮೇಲೆ ಸೊಪ್ಪು ಬಿದ್ದು ಕೊಳೆಯುತ್ತದೆ. ಅಪ್ಪ ತಟ್ಟೆಯ ಮೇಲೆ ಬಲೆ ಹಾಸಿ, ಬಲೆಯ ಮೇಲೆ ಎಳೆಸೊಪ್ಪು ಉದುರಿಸಿ ಕಾಯುತ್ತಿದ್ದ. ಹಸಿದ ಹುಳ ಬಲೆ ಹತ್ತಿ ಮೇಲೆ ಬರುತ್ತಿದ್ದವು. ಬಲೆಯನ್ನು ಹಾಗೇ ಎತ್ತಿ ಬೇರೆ ತಟ್ಟೆಗೆ ಇಳಿಸುತ್ತಿದ್ದ. ಇದನ್ನು ನೋಡುತ್ತಾ ಬೆಳೆದ ನನಗೆ ಒಂದು ದಿನ ನನ್ನನ್ನೂ ಹೀಗೇ ಎತ್ತುತ್ತಾನೆ ಅಂತ ಹೊಳೆಯಲಿಲ್ಲ.

ಪಕ್ಕದ ಮನೆ ಮಂಗಳಿಯದು. ಅವಳ ಅಪ್ಪ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಕೆಲಸಕ್ಕೆ ಹೋಗುತ್ತಿದ್ದರು. ಅವ್ವ ಕೆಂಪಮ್ಮ, ನನಗೆ ಕೆಂಪತ್ತೆ. ಅವರಿಗೆ ಹುಳ ಇರಲಿಲ್ಲ, ಕಡಲೆಕಾಯಿ ಹಾಕುವ ಒಂದು ತುಂಡು ಹೊಲ ಇತ್ತು. ಮಂಗಳಿಯೂ ನಾನೂ ಸ್ಕೂಲಲ್ಲಿ ಒಂದೇ ಮಣೆ, ಸಂಜೆ ಒಂದೇ ಜಗಲಿ. ಜಗಳವಾಡಿದರೆ ಎರಡೂ ಮನೆಯವರಿಗೆ ಕೇಳುತ್ತಿತ್ತು, ರಾಜಿಯಾದರೆ ಇನ್ನೂ ಜೋರಾಗಿ ಕೇಳುತ್ತಿತ್ತು.

ಹುಳ ಹಣ್ಣಾಗುವ ದಿನ ನಮ್ಮ ಮನೆಗೆ ಹಬ್ಬಕ್ಕಿಂತ ಹೆಚ್ಚು. ತಿನ್ನುವುದು ಬಿಟ್ಟು ಮೈ ಹಳದಿ ತಿರುಗಿದ ಹುಳಗಳನ್ನು ಒಂದೊಂದಾಗಿ ಆರಿಸಿ ಚಂದ್ರಂಕಿಗೆ, ಅಂದರೆ ಗೂಡು ಕಟ್ಟುವ ಬಿದಿರಿನ ಚಾಪೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಸುರಿದು ಬೆಳೆ ಹಾಳು. ಮನೆಯ ಜನ ಸಾಲದು, ಅಕ್ಕಪಕ್ಕದವರೆಲ್ಲ ಮುಯ್ಯಾಳಿಗೆ ಬರುತ್ತಿದ್ದರು. ಮುಯ್ಯಾಳು ಅಂದರೆ ಕೂಲಿಯಲ್ಲ. ಇವತ್ತು ನೀನು ನನ್ನ ಮನೆಗೆ ಬಂದು ಕೈಯಾಡಿಸಿದರೆ ನಾಳೆ ನಾನು ನಿನ್ನ ಹೊಲಕ್ಕೆ ಬಂದು ಬಗ್ಗಬೇಕು. ಹುಳ ಆರಿಸುವುದರಲ್ಲಿ ಮಕ್ಕಳ ಕೈಯೇ ಚುರುಕು, ಅದಕ್ಕೆ ಮಕ್ಕಳಿಗೂ ಮುಯ್ಯಾಳಿನ ಲೆಕ್ಕ ಇತ್ತು. “ಹಣ್ಣಾಗೈತೆ ಸಾ” ಅಂದರೆ ನಮ್ಮ ಮೇಷ್ಟ್ರು ಹಾಜರಿ ಕೂಗುವುದನ್ನೂ ನಿಲ್ಲಿಸಿ ಹೋಗಿ ಅನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ ಅವ್ವ ಒಂದು ದೊಡ್ಡ ಮೊರದಲ್ಲಿ ಕಾರದ ಪುರಿ ಕಲಸಿ ಜಗಲಿಯಲ್ಲಿ ಇಡುತ್ತಿದ್ದಳು. ಮೊರದ ಸುತ್ತ ಕೂತು, ಒಬ್ಬರ ಕೈ ಇನ್ನೊಬ್ಬರು ತಳ್ಳಿಕೊಂಡು ತಿನ್ನುತ್ತಿದ್ದೆವು. ಊರು ಅಂದರೆ ನನಗೆ ಆ ಮೊರವೇ.

ನಾಲ್ಕನೇ ಕ್ಲಾಸು ಮುಗಿಯುವ ಹೊತ್ತಿಗೆ ಮೇಷ್ಟ್ರು ಅಪ್ಪನನ್ನು ಸೊಪ್ಪಿನ ಹೊರೆ ಸಮೇತ ದಾರಿಯಲ್ಲಿ ನಿಲ್ಲಿಸಿ, ನಿನ್ನ ಮಗಳು ಚುರುಕು, ಇಲ್ಲಿದ್ದರೆ ಹಾಳಾಗ್ತಾಳೆ ಅಂದರಂತೆ. ತಮ್ಮ ಸ್ಕೂಲಿನ ಬಗ್ಗೆ ತಾವೇ ಹಾಗೆ ಹೇಳಿದ ಪುಣ್ಯಾತ್ಮ. ಸುಳ್ಳೂ ಅಲ್ಲ. ಎಲ್ಲ ಕ್ಲಾಸಿಗೂ ಅವರೊಬ್ಬರೇ, ಒಂದು ಮೂಲೆಗೆ ಲೆಕ್ಕ ಕೊಟ್ಟರೆ ಇನ್ನೊಂದು ಮೂಲೆಯಲ್ಲಿ ಗದ್ದಲ. ಚನ್ನಪಟ್ಟಣದ ಕಾನ್ವೆಂಟಿನಲ್ಲಿ ವಿಷಯಕ್ಕೊಬ್ಬರು ಟೀಚರು, ಇಂಗ್ಲಿಷು, ಲ್ಯಾಬು, ಫೇಲಾದವರೇ ಇಲ್ಲವಂತೆ. ಅಪ್ಪ ಮನೆಗೆ ಬಂದು ಕೈಯಲ್ಲಿ ಬಲೆ ಹಿಡಿದುಕೊಂಡೇ ವಿಷಯ ತೆಗೆದ.

“ಮುಂದಾದ ಹುಳನ ಹಿಂದಿನವುದ್ರ ಜೊತೆ ಬುಟ್ರೆ ಎರಡೂ ಕೆಡ್ತವೆ. ಇವಳು ಮುಂದಾಗವ್ಳೆ. ಬೇರೆ ಮಾಡ್ಬೇಕು.”

“ಅವಳೇನ್ ಹುಳನೇನ್ಲಾ?” ಅಂದಳು ಅಜ್ಜಿ. “ಕೂಸು ಕಣ್ಲಾ ಅದು! ನಾಳೆ ಕಷ್ಟ ಸುಖ ಅಂದ್ರೆ ಪಕ್ಕದಲ್ಲಿ ಕೂರಾಕೆ ನಾಕು ಜನ ಬೇಕು. ನಿನ್ನ ಇಂಗ್ಲೀಸು ಬಂದು ಕೂತದಾ?”

“ಜನ ಎಲ್ಲೋಯ್ತಾರೆ ಬುಡವ್ವ, ಇಲ್ಲೇ ಇರ್ತಾರೆ.”

“ಅವ್ರು ಇಲ್ಲೇ ಇರ್ತಾರೆ. ಇವಳು ಇರ್ತಾಳಾ?”

ಅಪ್ಪ ಬಲೆ ಕೆಳಗಿಟ್ಟ. ಅವ್ವ ತಮ್ಮನ ತೊಟ್ಟಿಲು ತೂಗುತ್ತಾ, “ಒಸಿ ಮಗೀನೂ ಕೇಳಿ” ಅಂದಳು. ಅಪ್ಪ ನನ್ನ ಕಡೆ ತಿರುಗಿದ.

“ಏನವ್ವ ಸಾವಿತ್ರಿ, ಪಟ್ನದ ಇಸ್ಕೂಲಿಗೆ ಹೋಯ್ತೀಯಾ?”

“ಮಂಗಳಿನೂ ಬಂದ್ರೆ ಹೋಯ್ತೀನಿ.”

ಅಪ್ಪ ನಕ್ಕುಬಿಟ್ಟ. ಹಲ್ಲು ಬಿಟ್ಟು, ಮನಸಾರೆ, ಮಗು ಚಂದ್ರನನ್ನು ಕೊಡಿಸು ಅಂದಾಗ ನಗುತ್ತಾರಲ್ಲ ಹಾಗೆ. “ಗೆಳತೀರು ಅಲ್ಲೂ ಸಿಕ್ತಾರೆ ಬುಡು, ವಿದ್ಯೆ ಇಲ್ಲಿ ಸಿಕ್ಕಾಕಿಲ್ಲ” ಅಂದ. ಮಾತು ಅಲ್ಲಿಗೆ ಮುಗಿಯಿತು. ಅಜ್ಜಿ ಅವತ್ತು ರಾತ್ರಿ ಊಟ ಬಿಟ್ಟಳು, ಬೆಳಿಗ್ಗೆ ಹಸಿವು ತಡೆಯದೆ ತಿಂದಳು. ನಮ್ಮ ಮನೆಯಲ್ಲಿ ಹೆಂಗಸರು ಗೆದ್ದದ್ದು ಕಡಿಮೆ.

ಮೊದಲ ದಿನ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಹೊಸ ಯೂನಿಫಾರಂ, ಹೊಸ ಬೆಲ್ಟು. ರಸ್ತೆಯ ಆ ಬದಿಯಲ್ಲಿ ಮಂಗಳಿ ಚೀಲ ನೇತುಹಾಕಿಕೊಂಡು ಸ್ಕೂಲಿಗೆ ಹೋಗದೆ ನನ್ನನ್ನೇ ನೋಡುತ್ತಾ ನಿಂತಿದ್ದಳು. ನನಗೆ ಅಳು ಒತ್ತರಿಸಿಕೊಂಡು ಬಂತು. ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ಗಾಬರಿಯಾಗಿ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, “ಬೆಲ್ಟು ಬಿಗಿ ಆಗೈತೆ” ಅಂತ ಒಂದು ತೂತು ಸಡಿಲ ಮಾಡಿದ. ಆಮೇಲೆ ಬಸ್ಸು ಬಂತು.

ಕಾನ್ವೆಂಟಿನಲ್ಲಿ ಪಾಠ ಚೆನ್ನಾಗಿತ್ತು. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನನಗೆ ಗೊತ್ತಿರುವುದೆಲ್ಲ ಅಲ್ಲಿಂದಲೇ ಬಂದದ್ದು. ಆದರೆ ನನ್ನ ಬೆಂಚಿನ ಹುಡುಗಿ ಎರಡನೇ ವಾರವೇ ಎದ್ದು ನಿಂತು “ಮಿಸ್, ಇವಳ ಬಟ್ಟೆ ವಾಸನೆ” ಅಂದಳು. ಹುಳದ ಮನೆಯ ವಾಸನೆ, ಬಾಡಿದ ಸೊಪ್ಪು, ಹಿಕ್ಕೆ, ಬ್ಲೀಚಿಂಗು ಎಲ್ಲ ಸೇರಿ ನನ್ನ ಲಂಗದ ನೆರಿಗೆಯಲ್ಲಿ ಕೂತಿತ್ತು. ಹುಟ್ಟಿದಾಗಿನಿಂದ ಅದರೊಳಗೇ ಇದ್ದ ನನ್ನ ಮೂಗಿಗೆ ಅದು ವಾಸನೆ ಅಂತಲೇ ಗೊತ್ತಿರಲಿಲ್ಲ. ಅವತ್ತಿನಿಂದ ಬೆಂಚಿನ ತುದಿ ನನ್ನದು, ಊಟದ ಡಬ್ಬಿ ಬಿಚ್ಚುತ್ತಿದ್ದದ್ದು ಕೊಳಾಯಿ ಕಟ್ಟೆಯ ಹಿಂದೆ ಒಬ್ಬಳೇ. ಮನೆಗೆ ಬಂದು ಅವ್ವನ ಸೆರಗು ಹಿಡಿದು ಹೇಳಿದೆ. ಅವ್ವ ಗೋಡೆಯಾಚೆ ಕೂಗಿ ಕೆಂಪತ್ತೆಯನ್ನು ಕೇಳಿದಳು. ನಿಮ್ಮನೇಲಿ ಹುಳ ಇಲ್ವಲ್ಲ, ಇವಳ ಬಟ್ಟೆ ಒಂದು ನಿಮ್ಮ ಗೂಟದಲ್ಲಿ ಮಡಗ್ಲಾ?

“ಅದ್ಕೇನಕ್ಕ, ನಮ್ಮ ಗೂಟ ಏನ್ ಸವೆದೋದಾತಾ? ತಂದು ನೇತಾಕು.”

ಹೀಗೆ ನಾನು ದಿನಾ ಬೆಳಿಗ್ಗೆ ಮಂಗಳಿಯ ಮನೆಯಲ್ಲಿ ಕಾನ್ವೆಂಟಿನ ಹುಡುಗಿಯಾಗುತ್ತಿದ್ದೆ. ಅವಳೇ ನನಗೆ ಜಡೆ ಹಾಕುತ್ತಿದ್ದಳು. ವಾಸನೆ ಹೋಗಲಿ ಅಂತ ಅವ್ವ ತಂದಿದ್ದ ಪೌಡರ್ ಡಬ್ಬಿ ಅವರ ಗೋಡೆಯ ಗೂಡಲ್ಲೇ ಇತ್ತು, ನಮ್ಮ ಮನೆಗೆ ಅದನ್ನು ತರುವ ಹಾಗಿಲ್ಲವಲ್ಲ. ಕುತ್ತಿಗೆಗೆ ಪೌಡರು ಬಳಿದು, ಟೈ ಸರಿಮಾಡಿ, ಒಂದು ಹೆಜ್ಜೆ ಹಿಂದೆ ಸರಿದು ನನ್ನನ್ನು ನೋಡುತ್ತಿದ್ದಳು. ಒಂದು ದಿನ ಹಾಗೆ ನೋಡುತ್ತಾ ಕೇಳಿದಳು.

“ಮದ್ಯಾನ ಯಾರ್ ಜೊತೆ ಉಣ್ತೀಯೆ ಅಲ್ಲಿ?”

“ಬೋ ಜನ ಅವ್ರೆ.”

ಇನ್ನೇನು ಹೇಳಲಿ? ಕೊಳಾಯಿ ಕಟ್ಟೆ ಅನ್ನಲೇ? ಸಂಜೆ ಬಂದರೆ ಮೊದಲು ಅವಳ ಮನೆ. ಬಟ್ಟೆ ಬಿಚ್ಚಿ, ಕತ್ತು ತೊಳೆದು, ಆಮೇಲೆ ನಮ್ಮ ಮನೆ. ತೊಳೆದರೂ ಅಪ್ಪ ಮೂಸಿ ನೋಡಿ “ಇನ್ನೂ ಪೌಡ್ರು ನಾತ ಹೊಡೀತದೆ, ಒಳಗೆ ಬರ್ಬ್ಯಾಡ” ಅನ್ನುತ್ತಿದ್ದ. ಸ್ಕೂಲಲ್ಲಿ ಹುಳದ ವಾಸನೆ, ಮನೆಯಲ್ಲಿ ಪೌಡರಿನ ನಾತ. ಮೂಗು ಮುಚ್ಚಿಕೊಳ್ಳದೆ ನನ್ನನ್ನು ಒಳಗೆ ಬಿಟ್ಟದ್ದು ಮಂಗಳಿ ಒಬ್ಬಳೇ.

ಆ ವರ್ಷ ಒಂದು ಬೆಳೆಯ ಹುಳ ಹಣ್ಣಾದದ್ದು ಸ್ಕೂಲಿನ ದಿನ. ಇರ್ತೀನಿ ಅಂತ ಗೋಗರೆದೆ. “ಕೆಲ್ಸಕ್ಕೆ ಇವರೆಲ್ಲ ಅವ್ರಲ್ಲ, ನೀನ್ ಹೋಗಿ ಓದು” ಅಂತ ಅಪ್ಪ ಬಸ್ಸು ಹತ್ತಿಸಿದ. ಇಡೀ ದಿನ ಕಿಟಕಿಯಾಚೆ ನೋಡಿಕೊಂಡು ಕೂತೆ. ಸಂಜೆ ಬಸ್ಸಿಳಿದು, ಮಂಗಳಿಯ ಮನೆಗೆ ಹೋಗುವುದನ್ನೂ ಮರೆತು ನೇರ ನಮ್ಮ ಮನೆಗೆ ಓಡಿದೆ. ಜಗಲಿಯಲ್ಲಿ ಮೊರ, ಮೊರದ ಸುತ್ತ ಎಲ್ಲರೂ, ನಗು, ತಳ್ಳಾಟ. ನಡುವೆ ನುಗ್ಗಲು ಹೋದೆ. ಒಳಗಿನಿಂದ ಅಪ್ಪ ಕಿರುಚಿದ.

“ಏಯ್! ಪೌಡ್ರು ಬಳ್ಕಂಡು ಬಾಗ್ಲಿಗೆ ಬತ್ತೀಯಲ್ಲ, ಹುಳ ಗೂಡು ಕಟ್ತಾವೆ, ಆಚೆ ನಿಂತ್ಕೊ!”

ನಗು ನಿಂತಿತು. ಬೀದಿಯಲ್ಲಿ ನಿಂತೆ, ನಮ್ಮದೇ ಮನೆಯ ಮುಂದೆ. ಮಂಗಳಿ ಎದ್ದು ಒಳಗೆ ಹೋಗಿ ಒಂದು ಸ್ಟೀಲ್ ತಟ್ಟೆ ತಂದು, ಅದರಲ್ಲಿ ಪುರಿ ಹಾಕಿ ನನ್ನ ಕೈಗೆ ಕೊಟ್ಟಳು. ಪ್ರೀತಿಯಿಂದಲೇ ಕೊಟ್ಟಳು. ಊರಿಗೆ ಬಂದ ನೆಂಟರಿಗೆ ಕೊಡುವ ತಟ್ಟೆ ಅದು. ಅವರು ಮೊರದಲ್ಲಿ ತಿಂದರು, ನಾನು ತಟ್ಟೆಯಲ್ಲಿ ತಿಂದೆ. ಕಾರ ಹೆಚ್ಚಾಗಿ ಕಣ್ಣಲ್ಲಿ ನೀರು ಬಂತು ಅಂತ ಎಲ್ಲರೂ ಅಂದುಕೊಂಡರು.

ಕೆಟ್ಟದ್ದು ಅಲ್ಲಿಗೆ ನಿಂತಿದ್ದರೆ ಹೇಗೋ ಸರಿಹೋಗುತ್ತಿತ್ತು. ಸ್ವಲ್ಪ ದಿನಕ್ಕೆ ಮಂಗಳಿಯ ಹೊಲದ ಕಡಲೆಕಾಯಿ ಬಿಡಿಸುವ ಕೆಲಸ ಬಂತು. ಮಂಗಳಿ ನಮ್ಮ ಹುಳ ಆರಿಸಿದ್ದಳು, ಅವಳ ಮುಯ್ಯಿ ನಾನೇ ತೀರಿಸಬೇಕು. ನನಗೆ ಪರೀಕ್ಷೆ. ಅಪ್ಪ ನನ್ನ ಬದಲು ಒಬ್ಬ ಕೂಲಿ ಹೆಂಗಸನ್ನು ಗೊತ್ತು ಮಾಡಿದ. ಅವ್ವ ಕೈ ಕೈ ಹಿಸುಕಿಕೊಂಡಳು.

“ಮುಯ್ಯಾಳಿಗೆ ಯಾರಾದ್ರೂ ಕೂಲಿಯೋಳ್ನ ಕಳಿಸ್ತಾರಾ? ಏನಂದ್ಕತಾರೆ ಅವ್ರು?”

“ಕೆಲ್ಸ ಆದ್ರೆ ಆಯ್ತಲ್ಲ. ಇವಳಿಗಿಂತ ಜಾಸ್ತಿನೇ ಬಿಡಿಸ್ತಾಳೆ ಅವಳು.”

ಕೆಲಸದ ಲೆಕ್ಕದಲ್ಲಿ ಅಪ್ಪನ ಮಾತು ಸರಿ. ಮುಯ್ಯಿ ಅನ್ನುವುದು ಕೆಲಸದ ಲೆಕ್ಕವೇ ಅಲ್ಲ ಅನ್ನುವುದು ಅದರಲ್ಲೇ ಹುಟ್ಟಿ ಬೆಳೆದವನಿಗೆ ಅವತ್ತು ಹೇಗೆ ಮರೆತುಹೋಯಿತೋ! ಮಗಳ ರ‍್ಯಾಂಕು ಅವನ ಕಣ್ಣಿಗೆ ಅಷ್ಟು ದೊಡ್ಡದಾಗಿ ಕಟ್ಟಿತ್ತು. ಕೆಂಪತ್ತೆ ಆ ಹೆಂಗಸಿಗೆ ಹೊಟ್ಟೆ ತುಂಬ ಊಟ ಹಾಕಿ, ಒಂದು ಕಾಯಿಯನ್ನೂ ಮುಟ್ಟಿಸದೆ ವಾಪಸು ಕಳಿಸಿದಳು. ಮಾರನೆಯ ಬೆಳಿಗ್ಗೆ ನಾನು ಎದ್ದು ಅವರ ಮನೆಗೆ ಹೊರಡುವ ಮುಂಚೆಯೇ ನಮ್ಮ ಜಗಲಿಯ ಮುಂದೆ ಬಂದು ನಿಂತಿದ್ದಳು. ಕೈಯಲ್ಲಿ ಮಡಿಸಿದ ನನ್ನ ಯೂನಿಫಾರಂ, ಅದರ ಮೇಲೆ ಬೆಲ್ಟು, ಬೆಲ್ಟಿನ ಮೇಲೆ ಪೌಡರ್ ಡಬ್ಬಿ.

“ನಾವೇನ್ ನಿಮ್ಮನೇಲಿ ಕೂಲಿ ಮಾಡಿದ್ವಾ ಅಣ್ಣ? ನನ್ ಮಗಳು ಕೂಲಿಗೆ ಬಂದಿದ್ಲಾ?”

“ಪರೀಕ್ಷೆ ಇತ್ತು ಕಣಮ್ಮ ಮಗೀಗೆ...”

“ನನ್ ಮಗೀಗೂ ಇಸ್ಕೂಲಿತ್ತು.”

ಅಷ್ಟೇ ಅಂದು ಬಟ್ಟೆ ಜಗಲಿಯ ಮೇಲಿಟ್ಟು ಹೋದಳು. ಬೈಯಲಿಲ್ಲ, ಕೂಗಾಡಲಿಲ್ಲ. ಅವತ್ತು ನಾನೇ ಜಡೆ ಹಾಕಿಕೊಂಡೆ, ಸೊಟ್ಟಗಾಯಿತು. ಯೂನಿಫಾರಂ ಅವತ್ತಿನಿಂದ ಹಿತ್ತಲ ಹುಣಸೆಮರದ ಕೊಂಬೆಗೆ ಬಂತು.

ಪರೀಕ್ಷೆ ಮುಗಿದ ಭಾನುವಾರ ನಾನಾಗೇ ಅವರ ಮನೆಗೆ ಹೋದೆ. ಕಡಲೆಕಾಯಿ ಎಂದೋ ಮುಗಿದಿತ್ತು. ಮಂಗಳಿ ಜಗಲಿಯಲ್ಲಿ ಬೇರೆ ಹುಡುಗಿಯರ ಜೊತೆ ನೆಲದಲ್ಲಿ ಕಲ್ಲು ಹರಡಿ ಅಚ್ಚಿಕಲ್ಲು ಆಡುತ್ತಿದ್ದಳು. ನಾನೂ ಬತ್ತೀನಿ ಅಂತ ಕೂರಲು ಬಗ್ಗಿದೆ. ಅವಳು ತಲೆ ಎತ್ತದೆ “ನಿನ್ ಕೈ ಕೊಳೆ ಆಯ್ತದೆ, ಬ್ಯಾಡ” ಅಂದಳು. ಸಿಟ್ಟಿನಿಂದ ಅಂದಿದ್ದರೆ ನಾನೂ ಜಗಳ ತೆಗೆಯುತ್ತಿದ್ದೆ, ಎಷ್ಟು ಜಗಳ ಆಡಿಲ್ಲ ನಾವು! ಸಿಟ್ಟೇ ಇರಲಿಲ್ಲ ಆ ದನಿಯಲ್ಲಿ. ಆ ತನಕ ನಾನು ಮನೆ, ಸ್ಕೂಲು ಎರಡೂ ಕಡೆ ಹೊರಗಿದ್ದೆ. ಅವತ್ತು ಮೂರನೆಯದೂ ಹೋಯಿತು.

ನಾನು ಕ್ಲಾಸಿಗೆ ಮೊದಲು ಬಂದೆ, ಆಮೇಲೆ ಸ್ಕೂಲಿಗೇ ಮೊದಲು ಬಂದೆ. ಮಾಡಲು ಬೇರೆ ಕೆಲಸವೇ ಇರಲಿಲ್ಲ. ಅಪ್ಪ ನಡುಮನೆಯ ಗೋಡೆಗೆ ಮೊಳೆ ಹೊಡೆದು ನನ್ನ ಫೋಟೋ ಹಾಕಿದ. ಬಂದವರಿಗೆಲ್ಲ ತೋರಿಸುತ್ತಿದ್ದ. ನಾನು ಖುದ್ದಾಗಿ ಹೋಗುವ ಹಾಗಿಲ್ಲದ ಕೋಣೆಯಲ್ಲಿ ನನ್ನ ಫೋಟೋಗೆ ಜಾಗ ಸಿಕ್ಕಿತು. ಅಪ್ಪ ಕೆಟ್ಟವನಲ್ಲ. ನನ್ನ ಸಿಟ್ಟಿಗೆ ಅದೇ ಕಷ್ಟ, ಕೆಟ್ಟವನಾಗಿದ್ದರೆ ಸುಲಭವಾಗುತ್ತಿತ್ತು. ಓದಿದೆ, ಕೆಲಸ ಸಿಕ್ಕಿತು, ಎಲ್ಲರೂ ಮೇಡಂ ಅಂದರು. ಈವತ್ತಿಗೂ ನನ್ನ ಮನೆಗೆ ಯಾರಾದರೂ ಬರಬೇಕಾದರೆ ಫೋನು ಮಾಡಿಯೇ ಬರುತ್ತಾರೆ. ಗೋಡೆಯಾಚೆಯಿಂದ ಕೂಗುವವರು ಒಬ್ಬರೂ ಇಲ್ಲ.

ಅವ್ವ ತೀರಿಕೊಂಡಾಗ ಹೊಂಗನೂರಿಗೆ ಹೋದೆ. ಜಗಲಿ ತುಂಬ ಹೆಂಗಸರು. ಮಂಗಳಿ ಅವ್ವನ ಕಾಲ ಬಳಿ ನೆಲದಲ್ಲಿ ಕೂತು, ತಲೆ ಕೆದರಿಕೊಂಡು, “ಯವ್ವಾ, ಕಾರದ ಪುರಿ ಕಲಸ್ಕೊಡೋರು ಯಾರವ್ವ ಇನ್ನ” ಅಂತ ಹಾಡಿಕೊಂಡು ಅಳುತ್ತಿದ್ದಳು. ನಾನು ಅವಳ ಪಕ್ಕ ಕೂರೋಣ ಅಂತ ಹೋದೆ. ಅವಳೇ ಕಣ್ಣೊರೆಸಿಕೊಂಡು ಎದ್ದಳು. “ಮೇಡಂ ಬಂದ್ರು, ಯಾರ‍್ಲಾ ಅಲ್ಲಿ, ಕುರ್ಚಿ ತನ್ರೋ” ಅಂದಳು. ಪ್ಲಾಸ್ಟಿಕ್ ಕುರ್ಚಿ ಬಂತು. ಹೆತ್ತವ್ವನ ಹೆಣದ ಮುಂದೆ ನಾನು ಕುರ್ಚಿಯ ಮೇಲೆ ಕೂತು ಕರ್ಚೀಫಿನಲ್ಲಿ ಅತ್ತೆ. ಪಕ್ಕದಲ್ಲಿ ಕೂರಲು ನಾಕು ಜನ ಬೇಕು ಅಂದಿದ್ದಳಲ್ಲ ಅಜ್ಜಿ, ಆ ನಾಕು ಜನ ಅಲ್ಲೇ ಇದ್ದರು, ನೆಲದ ಮೇಲೆ.

ಇದನ್ನೆಲ್ಲ ಪ್ರದೀಪನಿಗೆ ಹೇಳಿದರೆ ಅರ್ಥವಾಗುತ್ತದಾ? ಫೋನು ಮಾಡಿ ಚಿಕ್ಕದಾಗಿ ಹೇಳಿದೆ.

“ಆಯಿಷಾ ಹೋಗೋ ಸ್ಕೂಲಲ್ಲೇ ಬಿಡಪ್ಪ ಅವಳನ್ನ. ಪಾಠ ಕಮ್ಮಿಯಾದ್ರೆ ರಜದಲ್ಲಿ ನನ್ನ ಹತ್ರ ಕಳಿಸು, ನಾನು ಹೇಳಿಕೊಡ್ತೀನಿ.”

“ಏನತ್ತೆ ನೀವೇ ಹಿಂಗಂದ್ರೆ! ಅಲ್ಲಿ ರಿಸಲ್ಟು ಅಷ್ಟಕ್ಕಷ್ಟೆ.”

“ಮಗೂನ ಸರಿಯಾಗಿ ಕೇಳಿದ್ಯಾ?”

“ಕೇಳ್ದೆ. ಆಯಿಷಾ ಬಂದ್ರೆ ಹೋಗ್ತೀನಿ ಅಂತಾಳೆ” ಅಂತ ನಕ್ಕ. ನಮ್ಮಪ್ಪನ ಹಲ್ಲು ಅವನಿಗೆ ಬಂದಿದೆ ಅಂತ ಗೊತ್ತಿತ್ತು, ನಗುವೂ ಬಂದಿದೆ ಅಂತ ಅವತ್ತು ಗೊತ್ತಾಯಿತು. ಫೋನಿಡುವ ಮುಂಚೆ ಹೆಂಡತಿಗೆ “ಅತ್ತೆಗೆ ವಯಸ್ಸಾಯ್ತು ಕಣೇ” ಅಂದದ್ದೂ ಕೇಳಿಸಿತು.

ದೊಡ್ಡ ಸ್ಕೂಲಿಗೇ ಸೇರಿಸಿದ. ಸ್ಕೂಲು ಶುರುವಾಗುವ ಹಿಂದಿನ ಸಂಜೆ ಅವನೇ ಫೋನು ಮಾಡಿದ, ದನಿಯಲ್ಲಿ ಖುಷಿ.

“ಯೂನಿಫಾರಂ ಎಷ್ಟು ಚೆನ್ನಾಗಿ ಒಪ್ಪುತ್ತೆ ಗೊತ್ತಾ ಅತ್ತೆ! ಆಯಿಷಾಗೆ ತೋರಿಸ್ಬಿಟ್ಟು ಬರ್ತೀನಿ ಅಂತ ಹಾಕ್ಕೊಂ‌ಡೇ ಪಕ್ಕದ ಮನೆಗೆ ಓಡಿದ್ಲು.”

“ಬಂದ್ಲಾ?”

“ಬಂದ್ಲು. ಬಂದೋಳು ಮೂಲೆ ಹಿಡಿದು ಕೂತ್ಕೊಂಡು ಒಂದೇ ಸಮ ಅಳು. ಏನಾಯ್ತು ಅಂದ್ರೆ ಬಾಯೇ ಬಿಡ್ತಿಲ್ಲ.”

“ನೀನೇನ್ ಮಾಡ್ದೆ?”

“ಬೆಲ್ಟು ಬಿಗಿ ಆಗಿತ್ತೇನೋ ಅತ್ತೆ. ಒಂದು ತೂತು ಸಡಿಲ ಮಾಡ್ದೆ.”